ದೇವರ ನೀರಿಗೊಂದು ತೂತು

ಭಾನುವಾರ ಬಂತೆಂದರೆ ನಮ್ಮ ಮನೆಯವರೆಲ್ಲ ಚರ್ಚಿಗೆ ಹೋಗುತ್ತಿದ್ದೆವು. ಹಾಗೆಂದು ನಮ್ಮ ಜಾತಿ ಕುಲದ ಬಗ್ಗೆ ಅವಸರದ ತೀರ್ಮಾನಕ್ಕೆ ಬರಬೇಡಿ. ಅಪ್ಪ ಧಾರವಾಡದವನು, ಅಮ್ಮ ಮೈಸೂರಿನವಳು, ಇಬ್ಬರೂ ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರು, ಇಬ್ಬರ ಮನೆತನದಲ್ಲೂ ಮೊಟ್ಟೆ ಒಡೆದವರಿಲ್ಲ. ಅಪ್ಪನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ದೇವರ ಮನೆಯ ಮಾಡು, ಕಂಬ, ಕಿಟಕಿ, ಬೆಂಚುಗಳಲ್ಲಿ ಮಾತ್ರ ಅಪಾರ ಶ್ರದ್ಧೆ. ಅದರಲ್ಲೂ ಆರೇಳು ನೂರು ವರ್ಷ ಹಳೆಯ ಇಂಗ್ಲಿಷ್ ಊರ ಚರ್ಚು ಎಂದರೆ ಪ್ರಾಣ. ಬೇರೆ ಕನ್ನಡದ ಮನೆಗಳವರು ರಜೆಯ ದಿನ ಸಮುದ್ರ ನೋಡಲು ಹೋದರೆ, ನಾವು ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಕಟ್ಟಿಕೊಂಡು ಯಾವುದೋ ಹಳ್ಳಿಯ ಚರ್ಚಿನ ಕಮಾನು ನೋಡಲು ಹೋಗುತ್ತಿದ್ದೆವು. ಅಪ್ಪ ಕತ್ತು ಹಿಂದಕ್ಕೆ ಬಾಗಿಸಿ, ಬೆರಳು ಮೇಲೆತ್ತಿ, ಯಾವ ಕಿಟಕಿಯ ಯಾವ ಗೆರೆ ಯಾವ ಕಾಲದ್ದೆಂದು ವಿವರಿಸುತ್ತಿದ್ದ. ಆಸ್ಪತ್ರೆಯಲ್ಲಿ ಅಪ್ಪನ ಕೆಲಸ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವುದು. ಭಾನುವಾರವೂ ಅದೇ ಕೆಲಸ ಮಾಡುತ್ತಾನೆ, ಸೂಜಿ ಒಂದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಯುಗಾದಿ ಕೂಟಗಳಲ್ಲಿ ಅಪ್ಪ ಯಾರ ಪಕ್ಕ ಬಂದು ನಿಂತರೂ ಅವರು ಪಲ್ಯ ಹಾಕಿಸಿಕೊಂಡು ಬರುತ್ತೇನೆಂದು ತಟ್ಟೆ ಹಿಡಿದು ಹೊರಟುಬಿಡುತ್ತಿದ್ದರು.

ನಮ್ಮ ಮನೆ ಇದ್ದದ್ದು ಲಂಡನ್ನಿನ ಅಂಚಿನ ಪಿನ್ನರಿನಿಂದ ಇನ್ನೂ ಆಚೆ, ಒಂದು ಉಪನಗರದಲ್ಲಿ. ಹೆಸರು ಹೇಳುವುದಿಲ್ಲ; ಆ ಊರಿನ ಗೋಡೆಯೊಂದರ ಮಾನ ನನ್ನ ಕೈಯಲ್ಲಿದೆ. ಮೂರು ಬೆಡ್‌ರೂಮಿನ, ಪಕ್ಕದ ಮನೆಗೆ ಒಂದು ಗೋಡೆ ಹಂಚಿಕೊಂಡ, ಎಲ್ಲರಂಥದೇ ಮನೆ. ಒಳಗೆ ಮಾತ್ರ ಎಲ್ಲರಂಥದಾಗಿರಲಿಲ್ಲ. ಎಲ್ಲೋ ಒಂದು ಚರ್ಚಿನವರು ಹಳೆಯ ಬೆಂಚುಗಳನ್ನು ತೆಗೆದುಹಾಕುತ್ತಿದ್ದಾಗ ಅಪ್ಪ ಒಂದನ್ನು ಹೊರಿಸಿಕೊಂಡು ಬಂದಿದ್ದ. ಒಂಬತ್ತು ಅಡಿ ಉದ್ದ, ಗೋಡೆಯಷ್ಟು ನೆಟ್ಟಗಿನ ಬೆನ್ನು, ತುದಿಯಲ್ಲಿ ಗಸಗಸೆ ಕಾಯಿಯಂಥ ಕೆತ್ತನೆ. ಅದು ಊಟದ ಕೋಣೆಯಲ್ಲಿ ಹಿಡಿಯಲಿಲ್ಲವೆಂದು ಒಂದು ಬಾಗಿಲನ್ನೇ ತೆಗೆಸಿದ. ನಾವು ಮೂವರೂ ಸಾಲಾಗಿ ಗೋಡೆಗೆ ಮುಖ ಮಾಡಿ ಕೂತು ಹುಳಿಯನ್ನ ತಿನ್ನುತ್ತಿದ್ದೆವು. ಬೆನ್ನು ಬಾಗಿಸಲು ಬಿಡದ ಆ ಬೆಂಚಿನ ಮೇಲೆ ಮೊಸರನ್ನ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಧರ್ಮೋಪದೇಶ ಕೇಳುವಾಗ ಜನ ತೂಕಡಿಸಬಾರದೆಂದೇ ಹೀಗೆ ಮಾಡಿದ್ದಾರೆ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಅಮ್ಮ ಒಂದು ದಿಂಬು ತಂದಿಟ್ಟಳು. ಅಪ್ಪ ಅದನ್ನು ತೆಗೆದಿಟ್ಟ. ಈ ದಿಂಬಿನ ಜಗಳ ನನಗೆ ನೆನಪಿರುವಷ್ಟು ಕಾಲವೂ ನಡೆಯಿತು.

ಅಜ್ಜಿ, ಅಂದರೆ ಅಪ್ಪನ ತಾಯಿ, ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಜೊತೆ ಇರಲು ಬಂದಳು. ಒಂದು ಚೀಲದಲ್ಲಿ ಸೀರೆ, ಇನ್ನೊಂದರಲ್ಲಿ ಮೆಂತ್ಯದ ಹಿಟ್ಟು, ಎಲೆಅಡಿಕೆ ಡಬ್ಬಿ, ಮಡಿಲಲ್ಲಿ ಹೆಬ್ಬೆರಳುದ್ದದ ಹಿತ್ತಾಳೆಯ ಬನಶಂಕರಿ. ಬಂದ ದಿನವೇ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇದು ಬಹಳ ಛಲೋ ಅದ ಎಂದು ಅಪ್ಪನ ಪಕ್ಷ ವಹಿಸಿದಳು. ದೇವಿಗೆ ಜಾಗ ಹುಡುಕುವುದು ಕಷ್ಟವಾಯಿತು. ಕೊನೆಗೆ ಮಹಡಿಯಲ್ಲಿ ಬಿಸಿನೀರಿನ ಟ್ಯಾಂಕು ಇರುವ ಕಪಾಟಿನೊಳಗೆ, ಟವೆಲ್ಲುಗಳ ಮೇಲಿನ ಹಲಗೆಯಲ್ಲಿ ದೇವಿ ನೆಲೆಯಾದಳು. ಆ ಮನೆಯಲ್ಲಿ ಚಳಿಗಾಲವಿಡೀ ಬೆಚ್ಚಗಿದ್ದವಳು ಅವಳೊಬ್ಬಳೇ. ಅಜ್ಜಿ ನನ್ನ ಜೊತೆ ಧಾರವಾಡದ ಕನ್ನಡದಲ್ಲಿ ಮಾತಾಡುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ತೊಂದರೆ ಬಂದದ್ದು ನೀರಿನಿಂದ. ಅಜ್ಜಿ ದಿನಾ ಬೆಳಿಗ್ಗೆ ದೇವಿಗೆ ಅರಿಶಿನ ಹಚ್ಚಿ ಸ್ನಾನ ಮಾಡಿಸುತ್ತಿದ್ದಳು. ಆ ನೀರನ್ನು ಮನುಷ್ಯರು ತುಳಿಯುವಲ್ಲಿ ಚೆಲ್ಲುವಂತಿಲ್ಲ, ಮುಸುರೆ ತೊಳೆಯುವ ಸಿಂಕಿಗೆ ಸುರಿಯುವಂತಿಲ್ಲ. ಧಾರವಾಡದಲ್ಲಿ ತೆಂಗಿನ ಮರದ ಬುಡಕ್ಕೆ ಹಾಕುತ್ತಿದ್ದಳಂತೆ. ನಮ್ಮ ಹಿತ್ತಿಲಿಗೆ ಹಿಂದಿನ ಮಾಲೀಕ ಮೂಲೆ ಮೂಲೆಗೂ ಕಲ್ಲು ಹಾಸಿಸಿದ್ದ. ಕುಂಡದ ತುಳಸಿ ಅಕ್ಟೋಬರಿನ ಮೊದಲ ಚಳಿಗೇ ಹೋಯಿತು. ಬೀದಿಯಲ್ಲಿ ಬೇಕಾದಷ್ಟು ಮರಗಳಿದ್ದವು, ಆದರೆ ಅಜ್ಜಿ ಕಿಟಕಿಯಲ್ಲಿ ಕೂತು ಒಂದು ವಾರ ಪರೀಕ್ಷೆ ಮಾಡಿ ತೀರ್ಪು ಕೊಟ್ಟಳು:

"ಈ ಊರಾಗ ನಾಯಿ ಕಾಲೆತ್ತಲಾರದ ಗಿಡಾ ಒಂದೂ ಇಲ್ಲ ನೋಡು ಸುಮೀ."

ಹಾಗಾಗಿ ಆ ನೀರನ್ನೆಲ್ಲ ಅವಳು ಹಣ್ಣಿನ ಶರಬತ್ತಿನ ಖಾಲಿ ಸ್ಕ್ವಾಷ್ ಬಾಟಲಿಗಳಲ್ಲಿ ತುಂಬಿಸಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡತೊಡಗಿದಳು. ನನ್ನ ಸ್ನೇಹಿತೆ ಎಮ್ಮಾ ಒಂದು ಸಂಜೆ ಆಡಲು ಬಂದಾಗ ಕಿತ್ತಳೆ ಸ್ಕ್ವಾಷ್ ಎಂದುಕೊಂಡು ಅಮ್ಮನೇ ಒಂದು ಲೋಟ ಬೆರೆಸಿ ಕೊಟ್ಟಳು. ಎಮ್ಮಾ ಒಳ್ಳೆಯ ಮನೆಯ ಹುಡುಗಿ. ಅರ್ಧ ಕುಡಿದು, ಥ್ಯಾಂಕ್ಯೂ, ನನಗೆ ಹೊಟ್ಟೆ ತುಂಬಿದೆ ಎಂದಳು. ಅವಳು ಹೋದ ಮೇಲೆ ಅಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಮೂಸಿ ಗೂಡಿನೊಳಗೆ ಬಗ್ಗಿ ನೋಡಿದಳು. ಅಲ್ಲಿ ಹತ್ತೊಂಬತ್ತು ಬಾಟಲಿಗಳಿದ್ದವು.

"ರೀ, ಬನ್ನಿ ಇಲ್ಲಿ. ನಿಮ್ಮಮ್ಮ ಏನ್ ಮಾಡಿದಾರೆ ನೋಡಿ. ಯಾರದೋ ಮಗು ಕುಡೀತು ಅದನ್ನ. ಅದಕ್ಕೇನಾದ್ರೂ ಆದ್ರೆ ಅವರಮ್ಮನಿಗೆ ನಾನೇನಂತ ಹೇಳ್ಲಿ?"

"ತೀರ್ಥ ಕುಡದ್ರ ಏನಾಗ್ತದ ವೀಣಾ? ಬಂಗಾರದಂಥ ಕೂಸು, ಛಲೋನ ಆಗ್ತದ," ಎಂದಳು ಅಜ್ಜಿ.

ಅಪ್ಪ ನ್ಯಾಯಾಧೀಶನ ಹಾಗೆ ಮೆಟ್ಟಿಲ ಮೇಲೆ ನಿಂತು ಹೇಳಿದ:

"ಅವ್ವಾ, ನೀರಂದ್ರ ನೀರು. ಸಿಂಕಿಗೆ ಸುರುವು, ಮುಗೀತು. ಇದೆಲ್ಲಾ ಹುಚ್ಚು ಛಂದ ಅಲ್ಲ."

ಅವತ್ತು ಊಟಕ್ಕೆ ಅಜ್ಜಿ ಬೆಂಚಿನ ತುದಿಯಲ್ಲಿ, ನಮ್ಮೆಲ್ಲರಿಂದ ನಾಲ್ಕಡಿ ದೂರ ಕೂತಳು.

ನಮ್ಮ ಬೀದಿ ಮುಗಿಯುವಲ್ಲಿ ಒಂದು ಸಣ್ಣ ಏರು, ಏರಿನ ಮೇಲೆ ಊರಿನ ಹಳೇ ಚರ್ಚು. ಬೂದು ಚಕಮಕಿ ಕಲ್ಲಿನ ಗೋಡೆ, ಮೊಂಡು ಗೋಪುರ. ಅಜ್ಜಿಯ ಸಿಟ್ಟು ಇಳಿಸಲೆಂದು ಮುಂದಿನ ಭಾನುವಾರ, ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ, ಅಪ್ಪ ಅವಳನ್ನು ಅಲ್ಲಿಗೆ ಕರೆದೊಯ್ದ. ಹೋಗುವ ದಾರಿ ಗೋರಿಗಳ ನಡುವೆ. ಅಜ್ಜಿ ಸೀರೆ ಎತ್ತಿ ಹಿಡಿದು, ಸತ್ತು ನೂರು ವರ್ಷದ ಮೇಲಾದವರಿಗೆ ಮೈಲಿಗೆ ಇಲ್ಲ ಎಂದು ತಾನೇ ಒಂದು ಶಾಸ್ತ್ರ ಮಾಡಿಕೊಂಡು ದಾಟಿದಳು. ಬಾಗಿಲ ಮುಂದಿನ ಮಂಟಪದಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ಕಲ್ಲು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅಜ್ಜಿಯ ಕಾಲಲ್ಲಿ ನನ್ನ ಶಾಲೆಯ ಬೂದು ಕಾಲುಚೀಲ. ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಮಿಸ್ಟರ್ ಹಾಬ್ಸನ್ ಎಂಬ ಮುದುಕ ಹಿತ್ತಾಳೆ ತಿಕ್ಕುವುದು ನಿಲ್ಲಿಸಿ ಆ ಕಾಲುಚೀಲಗಳನ್ನೇ ನೋಡಿದ. ಅಪ್ಪ ತನ್ನ ಪಾಠ ಶುರುಮಾಡಿದ. ಬಾಗಿಲ ಬಳಿ ಎಂಟು ಮೂಲೆಯ ಕಲ್ಲಿನ ಬಾನಿ, ಮಕ್ಕಳಿಗೆ ದೀಕ್ಷೆಯ ನೀರು ಹಾಕಲು. ನೀರು ಕದ್ದೊಯ್ದು ಮಾಟ ಮಾಡುತ್ತಾರೆಂದು ಅದಕ್ಕೆ ಬೀಗದ ಮುಚ್ಚಳ. ಎರಡು ಸಾಲು ಕಂಬ, ಹಡಗನ್ನು ಬೋರಲು ಹಾಕಿದಂಥ ಓಕ್ ಮರದ ಮಾಡು. ಜನರು ಕೂರುವ ಜಾಗಕ್ಕೂ ಪೂಜೆಯ ಜಾಗಕ್ಕೂ ನಡುವೆ ಬಳ್ಳಿ ಕೆತ್ತಿದ ಮರದ ತಡಿಕೆ.

"ಇದು ನವರಂಗ, ಅದು ಗರ್ಭಗುಡಿ. ಮೂಡಣಕ್ಕ ಮುಖಾ ಮಾಡ್ಯಾರ. ಸರಿ ಅದ," ಎಂದಳು ಅಜ್ಜಿ.

"ಹಂಗೆಲ್ಲಾ ಹೋಲಸಬಾರದವ್ವಾ. ಅದು ಬ್ಯಾರೆ ಪರಂಪರಾ," ಎಂದ ಅಪ್ಪ.

ತಡಿಕೆ ದಾಟಿ ಒಳಗೆ ಹೋದಾಗ ಅಮ್ಮ ಆಗಲೇ ಪುರೋಹಿತರ ಕಲ್ಲಿನ ಆಸನವೊಂದರಲ್ಲಿ ಕಣ್ಣು ಮುಚ್ಚಿದ್ದಳು. ನಾನು ಮಂಡಿಯೂರುವ ಮೆತ್ತೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆ. ಅಪ್ಪ ಬಲಗಡೆ ಗೋಡೆಯಲ್ಲಿದ್ದ ಒಂದು ಗೂಡು ತೋರಿಸಿದ. ಮೇಲೆ ಪುಟ್ಟ ಕಮಾನು, ಕೆಳಗೆ ಹೂವಿನಾಕಾರದ ಬೋಗುಣಿ, ಅದರ ನಡುವೆ ಬೆರಳು ಹೋಗುವಷ್ಟು ತೂತು. ಯಾರೋ ಅಲ್ಲೊಂದು ಪ್ಲಾಸ್ಟಿಕ್ ಹೂವಿನ ಹೂದಾನಿ ಇಟ್ಟಿದ್ದರು. ಇದಕ್ಕೆ ಪಿಸೀನಾ ಎನ್ನುತ್ತಾರೆ, ಎಂದ ಅಪ್ಪ. ಪೂಜೆಯ ಪಾತ್ರೆ ತೊಳೆದ ನೀರನ್ನು ಇಲ್ಲಿ ಸುರಿಯುತ್ತಿದ್ದರು. ಪವಿತ್ರ ನೀರು ಊರ ಚರಂಡಿ ಸೇರಬಾರದು, ಯಾರೂ ತುಳಿಯಬಾರದು. ಅದಕ್ಕೇ ತೂತು ಗೋಡೆಯೊಳಗಿಂದ ಇಳಿದು ನೇರ ಭೂಮಿಗೆ ಹೋಗುತ್ತದೆ. ಎಂಥ ಸೂಕ್ಷ್ಮ ಕಲ್ಪನೆ ನೋಡು! ನಾಲ್ಕು ದಿನದ ಹಿಂದೆ ಮೆಟ್ಟಿಲ ಮೇಲೆ ನಿಂತು ನೀರೆಂದರೆ ನೀರು ಎಂದವನು ಇವನೇ. ಅದು ಅವನಿಗೆ ಹೊಳೆಯಲೇ ಇಲ್ಲ. ಅಜ್ಜಿ ಮಾತ್ರ ಗೂಡಿನ ಮುಂದೆ ಬಗ್ಗಿ ಬೆರಳು ಹಾಕಿ ನೋಡಿ, ಬಹಳ ಹೊತ್ತು ಅಲ್ಲೇ ನಿಂತಳು. ಅಪ್ಪನ ಪಾಠಗಳನ್ನು ಎಚ್ಚರವಾಗಿದ್ದು ಕೇಳಿದವರು ಆವರೆಗೆ ಯಾರೂ ಇರಲಿಲ್ಲ.

ಮಾರನೆಯ ದಿನದಿಂದ ನನ್ನನ್ನು ಶಾಲೆಗೆ ಬಿಡುವ ದಾರಿಯಲ್ಲಿ ಅಜ್ಜಿ ಕೋಟಿನ ಜೇಬಿನಲ್ಲಿ ಒಂದು ಸ್ಟೀಲ್ ಗಿಂಡಿ ಇಟ್ಟುಕೊಂಡು ಹೊರಡತೊಡಗಿದಳು. ಬೆಳಿಗ್ಗೆ ಎಂಟೂವರೆಗೆ ಮಿಸ್ಟರ್ ಹಾಬ್ಸನ್ ಗೋಪುರ ಹತ್ತಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಮೇಲಿಂದ ಗರಗರ ಸದ್ದು ಕೇಳಿಸಿತೆಂದರೆ ನಮಗೆ ಐದು ನಿಮಿಷ ಸಿಕ್ಕಿತೆಂದೇ ಅರ್ಥ. ನಾನು ತಡಿಕೆಯ ಬಳಿ ಕಾವಲು. ಅಜ್ಜಿ ಹೂದಾನಿ ಪಕ್ಕಕ್ಕಿಟ್ಟು, ನೀರು ಸುರಿದು, ಹೂದಾನಿ ಮತ್ತೆ ಅಲ್ಲೇ ಇಟ್ಟು, ಕೈ ಮುಗಿಯುತ್ತಿದ್ದಳು. ದಿನದ ನೀರಿನ ಜೊತೆ ಹಳೆಯ ಬಾಟಲಿಗಳೂ ಒಂದೊಂದಾಗಿ ಖಾಲಿಯಾದವು. ಮಿಸ್ಟರ್ ಹಾಬ್ಸನ್ ಕೆಳಗಿಳಿದು ಬಂದಾಗ ಅವಳು ಭಕ್ತಿಯಿಂದ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಮಂಡಿ ತೋರಿಸಿಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ನೋವು ಹೇಳಿಕೊಂಡು, ಪರಸ್ಪರ ಒಪ್ಪಿ ತಲೆಯಾಡಿಸುತ್ತಿದ್ದರು. ಮನೆಯಲ್ಲಿ ಶಾಂತಿ ನೆಲೆಸಿತು. ಅಜ್ಜಿ ಸಿಂಕಿಗೇ ಸುರಿಯುತ್ತಿದ್ದಾಳೆಂದು ಅಪ್ಪ ತಿಳಿದುಕೊಂಡ. ಅಮ್ಮ ಮೆಟ್ಟಿಲ ಕೆಳಗೆ ವ್ಯಾಕ್ಯೂಮ್ ಕ್ಲೀನರ್ ಇಟ್ಟಳು.

ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಮಿಸ್ಟರ್ ಹಾಬ್ಸನ್ ನಮ್ಮ ಮನೆಗೆ ಫೋನ್ ಮಾಡಿದ. ಆ ಗೂಡಿರುವ ಗೋಡೆಯ ಆಚೆ ಬದಿಯಲ್ಲಿ ಒಂದು ಸಣ್ಣ ಪಕ್ಕದ ಪೂಜಾಕೋಣೆ ಇತ್ತು. ಮಡಚುವ ಕುರ್ಚಿ, ಕ್ರಿಸ್‌ಮಸ್ಸಿನ ಗೊಂಬೆ ಪೇರಿಸಿಡುತ್ತಿದ್ದರು. ಕುರ್ಚಿ ಸರಿಸಿದಾಗ ಅಲ್ಲಿ ಬಿಳಿ ಗೋಡೆಯ ಮೇಲೆ ಕೆಂಪು ಬಣ್ಣ ಮೂಡಿದ್ದು ಕಂಡಿತಂತೆ. ಅಪ್ಪ ಚಪ್ಪಲಿಯಲ್ಲೇ ಓಡಿದ. ವಾಪಸ್ಸು ಬಂದಾಗ ಅವನ ಮುಖ ಮದುವೆಯ ಫೋಟೋದಲ್ಲಿ ಇದ್ದುದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹಿಂದಿನ ಕಾಲದಲ್ಲಿ ಈ ಚರ್ಚುಗಳ ಗೋಡೆಗಳ ತುಂಬ ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳಿದ್ದವು, ಧರ್ಮದ ಗಲಾಟೆಯಲ್ಲಿ ಅವುಗಳ ಮೇಲೆ ಸುಣ್ಣ ಬಳಿದರು, ಈಗ ಒಂದು ಹೊರಗೆ ಬರುತ್ತಿದೆ ಎಂದು ಅಪ್ಪ ಉಸಿರು ಬಿಡದೆ ಹೇಳಿದ. ಊರೆಲ್ಲ ಬಂದು ನೋಡಿತು. ಪಾದ್ರಿಗಳಿಗೆ ದೇವದೂತನ ರೆಕ್ಕೆ ಕಾಣಿಸಿತು. ಮಿಸ್ಟರ್ ಹಾಬ್ಸನ್ನಿಗೆ ಡ್ರ್ಯಾಗನ್. ಅಪ್ಪನಿಗೆ ಅಂತಿಮ ತೀರ್ಪಿನ ದಿನ ನರಕಕ್ಕೆ ಬೀಳುತ್ತಿರುವ ಪಾಪಿಗಳ ಒಂದು ಸಾಲು, ಅದರಲ್ಲೊಬ್ಬ ವಕೀಲ. ಅಮ್ಮ ಚರ್ಮರೋಗದ ಡಾಕ್ಟರು. ಅವಳು ಹತ್ತಿರ ಹೋಗಿ ನೋಡಿ ಹೇಳಿದಳು:

"ನಂಗೇನೋ ಇದು ರ್‍ಯಾಶ್ ಥರ ಕಾಣತ್ತೆ ರೀ. ಒಳಗಿಂದ ತೇವ ಬರ್ತಿದೆ."

"ನಿನಗ ಎಲ್ಲಾ ರ್‍ಯಾಶೇ," ಎಂದ ಅಪ್ಪ.

ಅಪ್ಪ ಊರಿನ ಇತಿಹಾಸ ಕೂಟದ ಸದಸ್ಯನಾಗಿ ಏಳು ವರ್ಷವಾಗಿತ್ತು. ಏಳು ವರ್ಷವೂ ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರ ಭಾಷಣಕ್ಕೆ ಸ್ಲೈಡು ಬದಲಿಸಿ, ಕೊನೆಗೆ ಕುರ್ಚಿ ಮಡಚಿಟ್ಟು ಬರುತ್ತಿದ್ದ. ನಿಮ್ಮ ಕಡೆಯ ದೇವಸ್ಥಾನಗಳ ಬಗ್ಗೆ ಒಮ್ಮೆ ಹೇಳಿ ಎಂದು ಅವರು ಕೇಳುತ್ತಿದ್ದರು, ಇವನು ನನಗೆ ನಿಮ್ಮ ಚರ್ಚಿನ ಬಗ್ಗೆ ಹೇಳುವುದಿದೆ ಎನ್ನುತ್ತಿದ್ದ, ಅವರು ನಕ್ಕು ಬಿಸ್ಕತ್ತಿನ ಕಡೆ ತಿರುಗುತ್ತಿದ್ದರು. ಈಗ ಅವರೇ ಪತ್ರ ಬರೆದರು. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಚರ್ಚಿನೊಳಗೇ, ಅಪ್ಪನ ಭಾಷಣ. ಭಾಷಣದ ನಂತರ ಗೋಡೆಚಿತ್ರಗಳ ಪರಿಣತೆಯೊಬ್ಬರು ಎಲ್ಲರೆದುರು ಸುಣ್ಣದ ಪದರು ಕೆರೆದು ಒಂದು ಕಿಂಡಿ ತೆರೆಯುವವರಿದ್ದರು. ಅಪ್ಪ ಆ ಪತ್ರವನ್ನು ಫ್ರಿಜ್ಜಿಗೆ ಅಂಟಿಸಿದ. ಹೊಸ ಟೈ ಬಂತು. ರಾತ್ರಿ ಊಟ ಆದಮೇಲೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಭಾಷಣದ ಅಭ್ಯಾಸ ನಡೆಸುತ್ತಿದ್ದ. ಅಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಕೂಡ ಎಚ್ಚರವಾಗಿರಲು ಪ್ರಯತ್ನಪಟ್ಟಳು.

ನನ್ನ ಹತ್ತನೆಯ ಹುಟ್ಟುಹಬ್ಬ ಭಾಷಣಕ್ಕೆ ಒಂದು ವಾರ ಮುಂಚೆ ಬಂತು. ಅಜ್ಜಿ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಆರತಿಗೆ ತಟ್ಟೆ ಸಿದ್ಧಮಾಡುತ್ತಿದ್ದಳು. ತಟ್ಟೆಯಲ್ಲಿ ಹಳದಿಯಾಗಿ ಅರಿಶಿನದ ನೀರು. ಎಲೆಅಡಿಕೆ ಡಬ್ಬಿಯಿಂದ ಕಡಲೆ ಗಾತ್ರದ ಸುಣ್ಣ ತೆಗೆದು ಅದರಲ್ಲಿ ಕದಡಿದಳು. ನನ್ನ ಕಣ್ಣೆದುರೇ ನೀರು ಕೆಂಪಾಯಿತು. ಆ ಕೆಂಪನ್ನು ನಾನು ಎಲ್ಲಿ ನೋಡಿದ್ದೆ ಎಂದು ಯೋಚಿಸಬೇಕಾಗಲೇ ಇಲ್ಲ. ಗೋಡೆಯ ಈಚೆ ಆರು ತಿಂಗಳು ಅರಿಶಿನದ ನೀರು, ಗೋಡೆಯ ಆಚೆ ಸುಣ್ಣ. ತೂತು ಎಲ್ಲೋ ನಡುವೆ ಕಟ್ಟಿಕೊಂಡಿತ್ತು, ನೀರು ಭೂಮಿಗೆ ಹೋಗದೆ ಆಚೆಗೆ ಜಿನುಗಿತ್ತು. ನರಕಕ್ಕೆ ಬೀಳುತ್ತಿದ್ದ ಪಾಪಿಗಳಲ್ಲಿ ನಾನೂ ಒಬ್ಬಳೆಂದು ನನಗೆ ಆಗ ಖಾತ್ರಿಯಾಯಿತು. ಅಜ್ಜಿಗೆ ಇಂಗ್ಲಿಷಿನಲ್ಲಿ, ಅರ್ಧ ಅಳುತ್ತ, ಎಲ್ಲ ಹೇಳಿದೆ. ಅವಳಿಗೆ ಪೂರ್ತಿ ಅರ್ಥವಾಗದೆ ನನ್ನ ಕೈ ಹಿಡಿದು ಚರ್ಚಿಗೆ ಹೊರಟಳು. ಪಕ್ಕದ ಕೋಣೆಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗೋಡೆಗೆ ಬೆರಳು ಒತ್ತಿ, ಮೂಗಿಗೆ ಹಿಡಿದಳು.

"ಅಯ್ಯ, ಇದು ನಮ್ಮ ಅರಿಷಿಣ," ಎಂದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಮೈಯೆಲ್ಲ ಅಲುಗುವ ಹಾಗೆ. ನಗು ನಿಂತ ಮೇಲೆ ಮಾತ್ರ ಅವಳ ಮುಖ ಸಪ್ಪಗಾಯಿತು.

"ನಿಮ್ಮಪ್ಪಗ, ನಮ್ಮ ಗುರುಗ, ಏನು ಹೇಳೋದು? ಸಾಲಿಗೆ ಹೋಗು ಮುಂದ ಬರಿಯೋ ಹೊಸಾ ಪಾಟಿ ಸಿಕ್ಕಾಗ ಹಿಂಗ ಕುಣಿತಿದ್ದ ಅಂವ."

ಹೇಳಬೇಡ ಎಂದು ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ. ಆ ಪರಿಣತೆಗೂ ಗೊತ್ತಾಗದೇ ಹೋಗಬಹುದು, ಅಡಿಯಲ್ಲಿ ನಿಜವಾಗಿಯೂ ಚಿತ್ರವಿರಬಹುದು ಎಂದು ಏನೇನೋ ಹೇಳಿದೆ. ನಮ್ಮ ಅಪ್ಪ ಊರೆದುರು ನಗೆಪಾಟಲಾಗುವುದನ್ನು, ಮತ್ತೆ ಹಿಂದಿನ ಸಾಲಿಗೆ ಹೋಗಿ ಸ್ಲೈಡು ಬದಲಿಸುವುದನ್ನು ನೋಡಲು ನನಗೆ ಬೇಡವಾಗಿತ್ತು. ನೋಡೂಣು ಎಂದಷ್ಟೇ ಅಜ್ಜಿ ಹೇಳಿದಳು. ಆ ವಾರ ಗಿಂಡಿ ಜೇಬು ಸೇರಲಿಲ್ಲ. ನೀರು ಮತ್ತೆ ಬಾಟಲಿಗೆ ಹೋಯಿತು, ಬಾಟಲಿ ಅವಳ ಮಂಚದ ಕೆಳಗೆ.

ಶನಿವಾರ ಚರ್ಚು ತುಂಬಿತ್ತು. ಪಕ್ಕದ ಕೋಣೆಯ ಕುರ್ಚಿಗಳನ್ನೆಲ್ಲ ಹೊರತಂದು ಹಾಕಿದ್ದರು. ಇತಿಹಾಸ ಕೂಟದವರು ಮುಂದಿನ ಸಾಲು, ನಾವು ಮೂವರೂ ಅವರ ಹಿಂದೆ. ಅಜ್ಜಿ ರೇಷ್ಮೆ ಸೀರೆಯ ಮೇಲೆ ಅಮ್ಮನ ಕಾರ್ಡಿಗನ್ ಹಾಕಿದ್ದಳು. ಅಪ್ಪ ತಡಿಕೆಯ ಮುಂದೆ ನಿಂತು ಮಾತಾಡಿದ. ಯಾರೂ ತೂಕಡಿಸಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಗೋಡೆ ತುಂಬ ಸಂತರು, ಓದು ಬಾರದ ಹೊಲದ ಜನ ಅವರನ್ನು ನೋಡುತ್ತ ನಿಂತಿರುವುದು, ಒಂದು ದಿನ ಸುಣ್ಣದ ಬಕೆಟ್ಟು ಹಿಡಿದವರು ಬಂದದ್ದು. ಅಭ್ಯಾಸದಲ್ಲಿ ಹತ್ತು ಸಲ ಕೇಳಿದ್ದರೂ ನನಗೇ ಮೈ ನವಿರೆದ್ದಿತು. ಚಪ್ಪಾಳೆ ಬಿತ್ತು. ಪರಿಣತೆ ಎದ್ದು, ಕೈಗೆ ಗವಸು ಹಾಕಿ, ಪೆಟ್ಟಿಗೆಯಿಂದ ಸಣ್ಣ ಚಾಕು ತೆಗೆದು ಪಕ್ಕದ ಕೋಣೆಯ ಕಮಾನಿನ ಕಡೆ ನಡೆದಳು. ಎಲ್ಲರೂ ಕುರ್ಚಿ ತಿರುಗಿಸಿಕೊಂಡರು. ಆಗ ನನ್ನ ಪಕ್ಕದಲ್ಲಿ ಸೀರೆಯ ಸರಬರ ಸದ್ದಾಯಿತು.

"ನೋ ಅಜ್ಜಿ, ಪ್ಲೀಸ್," ಎಂದೆ. ಅವಳು ಆಗಲೇ ನಡುದಾರಿಯಲ್ಲಿದ್ದಳು. ನೇರ ಅಪ್ಪನ ಎದುರು ಹೋಗಿ ನಿಂತು ಅವನ ಮೊಣಕೈ ಹಿಡಿದಳು.

"ಗುರೂ, ಆಕೀಗೆ ಚಾಕು ಹಚ್ಚಬ್ಯಾಡ ಅನ್ನು. ದೇವರ ಗ್ವಾಡಿ ಅದು. ಚಿತ್ರಾ ಗಿತ್ರಾ ಏನೂ ಇಲ್ಲೋ ಮಗನ. ನಾ ದೇವೀ ನೀರು ಈ ಕಡೆ ತೂತಿನಾಗ ಸುರುವೀನಿ, ಅರಿಷಿಣ ಆ ಕಡೆ ಸುಣ್ಣಾ ಹತ್ತಿ ಕೆಂಪಾಗೇದ. ನೀನ ಹೇಳಿದ್ಯಲ್ಲ, ಅಂಥಾ ನೀರು ಇಲ್ಲೇ ಹಾಕಬೇಕು ಅಂತ."

ಅಪ್ಪ ಒಮ್ಮೆ ಗೋಡೆಯನ್ನು, ಒಮ್ಮೆ ಅಜ್ಜಿಯನ್ನು ನೋಡುತ್ತ ನಿಂತ. ಪಾದ್ರಿಗಳು ನನ್ನ ಕಡೆ ಬಗ್ಗಿ, ಅಜ್ಜಿ ಏನು ಹೇಳುತ್ತಿದ್ದಾರೆ ಮಗು ಎಂದು ಕೇಳಿದರು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಇವತ್ತು ನನ್ನ ಕಸುಬು ಆಸ್ಪತ್ರೆಗಳಲ್ಲಿ, ಕೋರ್ಟುಗಳಲ್ಲಿ ಇಬ್ಬರ ನಡುವೆ ನಿಂತು ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದು. ಆ ಕಸುಬಿನಲ್ಲಿ ನಾನು ಮಾಡಿದ ಮೊಟ್ಟಮೊದಲ ಅನುವಾದ ಇದು. ನಾನು ಎದ್ದು ನಿಂತು, ಗಟ್ಟಿಯಾಗಿ, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ:

"ಅಜ್ಜಿಗೆ ಚಳಿಯಾಗುತ್ತಿದೆಯಂತೆ. ಗೋಡೆ ಕೆರೆಯುವುದನ್ನು ಇನ್ನೊಂದು ದಿನ ಇಟ್ಟುಕೊಂಡು ಈಗ ಟೀ ಕುಡಿಯೋಣವೇ ಎನ್ನುತ್ತಿದ್ದಾರೆ."

ಇಂಗ್ಲಿಷರಿಗೆ ಇದಕ್ಕಿಂತ ಒಪ್ಪಿಗೆಯಾಗುವ ಮಾತಿಲ್ಲ. ಒಂದಿಬ್ಬರು ಏಳಲು ಶುರುಮಾಡಿದ್ದರು. ಅಪ್ಪ ನನ್ನನ್ನು ನೋಡಿದ. ಅವನಿಗೆ ನಾನು ಕೊಟ್ಟ ದಾರಿ ಚೆನ್ನಾಗಿ ಕಂಡಿತ್ತು. ಅದರಲ್ಲಿ ಹೊರಟುಹೋಗಬಹುದಿತ್ತು. ಹೊಸ ಟೈಯನ್ನು ಒಮ್ಮೆ ಮುಟ್ಟಿಕೊಂಡ.

"ಅಲ್ಲ," ಎಂದ ಇಂಗ್ಲಿಷಿನಲ್ಲಿ. "ಅವರು ಹೇಳಿದ್ದು ಅದಲ್ಲ. ಆ ಚಿತ್ರ ಬರೆದದ್ದು ತಾನು ಎಂದು ನನ್ನ ತಾಯಿ ಹೇಳುತ್ತಿದ್ದಾರೆ."

ಆಮೇಲೆ ಒಂದೂ ಬಿಡದೆ ಎಲ್ಲವನ್ನೂ ಹೇಳಿದ. ಕಪಾಟಿನ ದೇವಿ, ಬಾಟಲಿಗಳು, ನಾಯಿಗಳು, ಅರಿಶಿನ ಮತ್ತು ಸುಣ್ಣ. ಸಿಂಕಿಗೆ ಸುರಿ ಎಂದು ತಾನೇ ಬೈದದ್ದನ್ನೂ ಹೇಳಿದ. ಅದನ್ನು ಹೇಳುವಾಗ ಅವನ ಕಿವಿ ಆ ಗೋಡೆಗಿಂತ ಕೆಂಪಗಿತ್ತು. ಎಲ್ಲಿಂದಲೋ ಒಂದು ನಗು ಎದ್ದಿತು, ಆಮೇಲೆ ಇಡೀ ಚರ್ಚೇ ನಕ್ಕಿತು. ನಾನು ಅತ್ತೆ. ಪರಿಣತೆ ನಗಲಿಲ್ಲ. ಚಾಕುವನ್ನು ಪೆಟ್ಟಿಗೆಗೆ ಹಾಕಿ, ಗವಸು ಕಳಚಿ, ಗೂಡಿನ ಹತ್ತಿರ ಹೋಗಿ ಹೂದಾನಿ ಎತ್ತಿ ಬೋಗುಣಿಯನ್ನು ಟಾರ್ಚು ಬಿಟ್ಟು ನೋಡಿದಳು. ಇಂಥ ನೂರು ಗೂಡು ನೋಡಿದ್ದೇನೆ, ಒದ್ದೆಯಾದದ್ದನ್ನು ನೋಡುತ್ತಿರುವುದು ಇದೇ ಮೊದಲು ಎಂದಳು. ಈ ಹೂದಾನಿಯ ಕೆಲಸ ಮಾತ್ರ ನನಗೆ ಅರ್ಥವಾಗುತ್ತಿಲ್ಲ ಎಂದೂ ಸೇರಿಸಿದಳು. ಹೂದಾನಿ ಇಟ್ಟವನು ಮಿಸ್ಟರ್ ಹಾಬ್ಸನ್. ಅವನು ಅದನ್ನು ತೆಗೆದುಕೊಂಡು ಹೋಗಿ ಕಪಾಟಿಗೆ ಹಾಕಿ ಬಂದ. ಬಂದವನು ಅಜ್ಜಿಗೆ ಕೂರಲು ಕುರ್ಚಿ ಎಳೆದು, ತನ್ನ ಮಂಡಿಯನ್ನೊಮ್ಮೆ ತಟ್ಟಿ ತೋರಿಸಿದ. ಗೂಡಿಗೆ ನೀರು ಸುರಿಯುವುದನ್ನು ಮುಂದುವರಿಸಬೇಕಾದರೆ ಮೇಲಿನವರಿಗೆ ಅರ್ಜಿ ಹಾಕಬೇಕು, ಒಂದೆರಡು ವರ್ಷ ಹಿಡಿಯಬಹುದು ಎಂದು ಪಾದ್ರಿಗಳು ಬಹಳ ಮರ್ಯಾದೆಯಿಂದ ವಿವರಿಸಿದರು. ಅಲ್ಲಿಯವರೆಗೆ ತಮ್ಮ ಮನೆಯ ಬೇಲಿಯೊಳಗಿನ ಗುಲಾಬಿ ಗಿಡದ ಬುಡ ಆಗಬಹುದೇ ಎಂದರು. ಅವರ ಮನೆಯಲ್ಲಿ ಇದ್ದದ್ದು ಬೆಕ್ಕು. ಬೆಕ್ಕಿನ ಬಗ್ಗೆ ಅಜ್ಜಿಯ ತಕರಾರಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಬಿಸಿ ಅನ್ನ, ಮೆಣಸಿನ ಸಾರು ಮಾಡಿದಳು. ಅಪ್ಪ ಟೈ ಬಿಚ್ಚಿ, ಗೋಡೆಗೆ ಮುಖ ಮಾಡಿ ಕೂತು, ಮಾತಿಲ್ಲದೆ ಉಂಡ. ಅವನು ಮಾತಾಡದ ಊಟ ನಮಗೆ ಅಭ್ಯಾಸವಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ಬೈಗುಳ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಅನ್ನ ಮುಗಿದು ಮಜ್ಜಿಗೆ ಬಂದಾಗ ಅವನು ತಲೆ ಎತ್ತದೆ ಕೇಳಿದ:

"ಆರು ತಿಂಗಳು, ಅವ್ವಾ. ಒಂದು ಮಾತು ನನಗ್ಯಾಕ ಹೇಳಲಿಲ್ಲ?"

ಅಜ್ಜಿ ಅವನ ಲೋಟಕ್ಕೆ ಮಜ್ಜಿಗೆ ಹಾಕಿ, ಬೆಂಚಿನ ತುದಿಯ ತನ್ನ ಜಾಗಕ್ಕೆ ಹೋಗಿ ಕೂತಳು. ಸಿಟ್ಟಿಲ್ಲದೆ, ಉಪ್ಪು ಬೇಕೇನು ಎಂದು ಕೇಳುವ ದನಿಯಲ್ಲೇ ಹೇಳಿದಳು:

"ನೀ ಯಾವಾಗ ಕೇಳಿದ್ಯೋ? ಕಲ್ಲಿಗೆ ಕೇಳತೀ, ಕಟಗೀಗೆ ಕೇಳತೀ, ಯಾರು ಮಾಡಿದ್ರು, ಯಾವಾಗ ಮಾಡಿದ್ರು, ಯಾಕ ಮಾಡಿದ್ರು ಅಂತ. ನನಗ ಒಂದಿನಾರ ಕೇಳೀಯೇನು?"

ಅಪ್ಪ ಲೋಟ ಕೆಳಗಿಟ್ಟ. ಆಮೇಲೆ ಆ ಉದ್ದ ಬೆಂಚಿನ ಮೇಲೆ ಸರಿಯುತ್ತ ಸರಿಯುತ್ತ ಅಜ್ಜಿಯ ಪಕ್ಕಕ್ಕೆ ಬಂದು ಕೂತ.

"ಈಗ ಕೇಳತೀನಿ. ಆ ದೇವೀನ್ನ ನಿನಗ ಯಾರು ಕೊಟ್ರು?"

ಅಜ್ಜಿ ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದಳು. ಆಮೇಲೆ, ನಮ್ಮವ್ವ ಕೊಟ್ಟಳು, ಎಂದು ಶುರುಮಾಡಿದಳು. ಅವರವ್ವನಿಗೆ ಅದು ಬಾದಾಮಿಯಿಂದ ಬಂದದ್ದು, ಮದುವೆಯ ಗಾಡಿಯಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದ ಅಜ್ಜಿಯ ಮುಷ್ಟಿಯಲ್ಲಿ ಇಟ್ಟು ಕಳಿಸಿದ್ದು, ಆ ಹುಡುಗಿ ಗಂಡನ ಮನೆಯವರೆಗೂ ಮುಷ್ಟಿ ಬಿಚ್ಚದೇ ಇದ್ದದ್ದು, ಯಾವ ನೀರನ್ನು ಎಲ್ಲಿ ಹಾಕಬೇಕೆಂದು ಅತ್ತೆ ಕಲಿಸಿದ್ದು. ತಟ್ಟೆಗಳು ಒಣಗಿದವು. ಅಪ್ಪ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಅಮ್ಮ ಗಾಬರಿಯಾಗಿ, ಎದ್ದು ಬಂದು, ಅವನ ಹಣೆ ಮುಟ್ಟಿ ನೋಡಿದಳು.